ಟಿಕ್ ತೆಗೆದ ಧ್ವನಿ

ಭಾವ ಕಂಪ್ಯೂಟರ್ ಬಲ್ಲವರು ಎಂದು ಮನೆಯಲ್ಲಿ ತೀರ್ಮಾನವಾಗಿ ಬಹಳ ವರ್ಷಗಳಾಗಿದ್ದವು. ಒಮ್ಮೆ ಕಚೇರಿಯ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದೆ ಹೊರಗೆಳೆದಿದ್ದರಂತೆ. ಕೀರ್ತಿ ಅಲ್ಲಿಂದ ಹಬ್ಬಿತು. ಅದನ್ನು ಒಪ್ಪದೆ ಉಳಿದವನು ತಮ್ಮನೊಬ್ಬನೇ. ಬೆನ್ನ ಹಿಂದೆ ಅಣ್ಣನಿಗೆ ಬೃಹಸ್ಪತಿ ಎಂದು ಹೆಸರಿಟ್ಟಿದ್ದ. ಆ ಹೆಸರು ಗೊತ್ತಿದ್ದುದು ಅವನ ಹೆಂಡತಿಗೆ ಮಾತ್ರ.

ಈಗ ತಮ್ಮನಿಲ್ಲ. ಬೃಹಸ್ಪತಿ ಅವನ ಕುರ್ಚಿಯಲ್ಲಿ, ಅವನ ಕಂಪ್ಯೂಟರಿನ ಮುಂದೆ ಕೂತಿದ್ದರು. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ಪರದೆಯ ಮೇಲೆ ಹಸಿರು ಪಟ್ಟಿ ತೆವಳುತ್ತಾ ತೆವಳುತ್ತಾ ಇನ್ನೇನು ಮುಗಿಯಿತು ಎನ್ನುವಷ್ಟು ದೂರ ಹೋಗಿ ನಿಂತಿತು. 'ಅನಿರೀಕ್ಷಿತ ದೋಷ' ಎಂಬ ಚೌಕ ಎದ್ದಿತು. ಬೆಳಗಿನಿಂದ ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲುತ್ತಿದ್ದ ಕೆಲಸದಲ್ಲಿ ಅನಿರೀಕ್ಷಿತವಾದದ್ದು ಏನಿತ್ತೋ, ಆ ತಂತ್ರಾಂಶ ಬರೆದ ಪುಣ್ಯಾತ್ಮರಿಗೇ ಗೊತ್ತು.

"ಮೆಷಿನ್ ಬಿಸಿಯಾಗಿದೆ ಕಣಮ್ಮಾ," ಎಂದರು ಭಾವ. ಫ್ಯಾನನ್ನು ಕಂಪ್ಯೂಟರಿನ ಕಡೆ ತಿರುಗಿಸಿದರು. ಜ್ವರ ಬಂದವರ ಹಣೆ ಮುಟ್ಟುವಂತೆ ಡಬ್ಬಿಯ ಮೇಲೆ ಕೈಯಿಟ್ಟೂ ನೋಡಿದರು.

ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಅವಳ ಗಂಡ ಮದುವೆಗಳ ವಿಡಿಯೊ ತೆಗೆಯುತ್ತಿದ್ದವನು. ಕೊನೆಗೆ ತೆಗೆದದ್ದು ಸ್ವಂತ ತಂಗಿಯ ಮದುವೆ. ಅದನ್ನು ಕತ್ತರಿಸಿ ಜೋಡಿಸುವ ಮೊದಲೇ ಹೋಗಿಬಿಟ್ಟ. ಮಗಳ ಮದುವೆ ನೋಡಬೇಕೆಂದು ಅತ್ತೆ ಹಟ ಹಿಡಿದಿದ್ದರು. ಅವರಿಗೆ ನೋಡಲು ಬರುವುದು ಟೀವಿಯ ಕೆಳಗಿನ ಹಳೆಯ ಡಿಸ್ಕ್ ಪ್ಲೇಯರಿನಲ್ಲಿ ಮಾತ್ರ. ಅದರ ರಿಮೋಟು ಅವರ ಬೆರಳಿಗೆ ಹೊಂದಿಕೊಂಡಿತ್ತು. ಫೋನಿನಲ್ಲಿ ತೋರಿಸಿದರೆ, "ಇರುವೆ ಮದುವೆ ಆದಂಗಿದೆ," ಎಂದು ತಳ್ಳಿಬಿಡುತ್ತಿದ್ದರು. ವಿಡಿಯೊ ಬಲು ದೊಡ್ಡದು, ಡಿಸ್ಕ್ ಚಿಕ್ಕದು. ಹಿಂಡಿ ಸಣ್ಣದು ಮಾಡಿ ಡಿಸ್ಕಿಗೆ ಬರೆಯುವ ತಂತ್ರಾಂಶವೊಂದನ್ನು ಭಾವ ಎಲ್ಲಿಂದಲೋ ಇಳಿಸಿಕೊಂಡಿದ್ದರು. ಡಿಸ್ಕ್ ಆದ ಮೇಲೆ ಕಂಪ್ಯೂಟರನ್ನು ಪೂರ್ತಿ ಅಳಿಸಿ ತಮ್ಮ ಮಗಳ ಓದಿಗೆ ಕೊಂಡೊಯ್ಯುವುದು ಅವರ ಏರ್ಪಾಡು. "ನಿನಗೆ ಹೇಗೂ ಕಾಲೇಜಲ್ಲಿ ಒಂದಿದೆಯಲ್ಲಮ್ಮ" ಎಂದಿದ್ದರು. ಇದೆ ಎಂದು ಅವಳು ತಲೆಯಾಡಿಸಿದ್ದಳು. ಆ ದಿನಗಳಲ್ಲಿ ಯಾರು ಏನು ಕೇಳಿದರೂ ತಲೆಯಾಡಿಸುತ್ತಿದ್ದಳು.

ಭಾವ ಮದ್ದಿನ ಮೇಲೆ ಮದ್ದು ಮಾಡಿದರು. ಆರಿಸಿ ಹಾಕಿದರು. ತಂತ್ರಾಂಶವನ್ನು ಕಿತ್ತು ಮತ್ತೆ ನೆಟ್ಟರು. ವೈರಸ್ ಬರದಂತೆ ಕಾಯುವ ತಂತ್ರಾಂಶವನ್ನು ಮಲಗಿಸಿದರು. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಇದೇ ಗೋಳಿನ ಒಂದು ದೊಡ್ಡ ಸಂಸಾರವೇ ಸಿಕ್ಕಿತು. ನನಗೂ ಹೀಗೇ ಆಗುತ್ತಿದೆ ಎಂದು ಒಬ್ಬ. ನನಗೆ ಆಗುತ್ತಿಲ್ಲವಲ್ಲ ಎಂದು ಇನ್ನೊಬ್ಬ, ಕೇಳದಿದ್ದರೂ. ಪ್ರಶ್ನೆ ಹಾಕಿದ್ದವನೇ ಕೊನೆಯಲ್ಲಿ ಬಂದು, 'ಸರಿಹೋಯಿತು, ಎಲ್ಲರಿಗೂ ಧನ್ಯವಾದ' ಎಂದು ಬರೆದು ಹೋಗಿದ್ದ. ಹೇಗೆ ಸರಿಹೋಯಿತೆಂದು ಹೇಳುವ ಸೌಜನ್ಯ ಮಾತ್ರ ಅವನಿಗಿರಲಿಲ್ಲ.

"ನಮ್ಮ ಹಾಗೆ ಎಷ್ಟು ಜನ ಒದ್ದಾಡ್ತಿದಾರೆ ನೋಡು," ಎಂದರು ಭಾವ, ಅದೇ ಒಂದು ಸಾಧನೆಯೆಂಬಂತೆ.

ಮರುದಿನ ಅವಳು ಕಾಲೇಜಿನಿಂದ ಬರುವ ಹೊತ್ತಿಗೆ ಗೆದ್ದಾಗಿತ್ತು. ಅತ್ತೆ ಟೀವಿಯ ಮುಂದೆ ಕೂತಿದ್ದರು. ಪರದೆಯಲ್ಲಿ ನಾದಿನಿ ನಗುತ್ತಿದ್ದಳು, ನೆಂಟರು ಗಿಜಿಗುಟ್ಟುತ್ತಿದ್ದರು, ಯಾವುದೋ ಮಗು ಅಳುತ್ತಿತ್ತು. ಭಾವ ಕಾಲಿನ ಮೇಲೆ ಕಾಲು ಹಾಕಿಕೊಂಡಿದ್ದರು.

"ಎರಡೆರಡು ಆಡಿಯೊ ತುರುಕಿದ್ದಾನಮ್ಮ ನಿನ್ನ ಗಂಡ. ಮೊದಲನೇದು ಚೆನ್ನಾಗಿದೆ. ಎರಡನೇದು ಕೆಟ್ಟುಹೋಗಿತ್ತು, ಬರೀ ಗೊರಗೊರ. ಅದರ ಟಿಕ್ ತೆಗೆದೆ ನೋಡು, ಬೆಣ್ಣೆ ಥರ ಹೋಯ್ತು!"

ಅವಳು ಕೈಚೀಲವನ್ನು ಕೆಳಗಿಡಲಿಲ್ಲ.

ಕೆಲಸ ಮಾಡುವಾಗ ಅವಳ ಗಂಡ ಕೊರಳಪಟ್ಟಿಗೆ ಇನ್ನೊಂದು ಪುಟ್ಟ ಮೈಕು ಸಿಕ್ಕಿಸಿಕೊಳ್ಳುತ್ತಿದ್ದ. ಕ್ಯಾಮೆರಾದ ಮೈಕಿಗೆ ಮದುವೆಯ ಗದ್ದಲ; ಇದಕ್ಕೆ ಅವನ ಗೊಣಗಾಟ. ಎಲ್ಲಿ ಕತ್ತರಿಸಬೇಕು, ಎಲ್ಲಿ ಉಳಿಸಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ, ಜೊತೆಗೆ ಕಣ್ಣಿಗೆ ಬಿದ್ದವರನ್ನೆಲ್ಲ ಸಣ್ಣಗೆ ಆಡಿಕೊಳ್ಳುತ್ತಿದ್ದ. ವಿಡಿಯೊ ಸಿದ್ಧವಾದೊಡನೆ ಆ ಧ್ವನಿಯನ್ನು ಅಳಿಸಿಬಿಡುವುದು ಅವನ ಪದ್ಧತಿ. ಗಿರಾಕಿಗಳು ಕೇಳಿದರೆ ಊಟ ಹಾಕದೆ ಓಡಿಸುತ್ತಾರೆ ಎನ್ನುತ್ತಿದ್ದ. ಮುಗಿಸಿದ ಕೆಲಸಗಳಲ್ಲಿ ಹಾಗಾಗಿ ಅವನು ಎಲ್ಲೂ ಇಲ್ಲ. ಮುಗಿಯದ ಇದೊಂದರಲ್ಲಿ ಉಳಿದಿದ್ದ. ಫೋನಿನಲ್ಲಿ ಅವನ ದನಿಯೆಂದು ಉಳಿದದ್ದು ಒಂದು 'ಹ್ಞೂಂ', ಒಂದು 'ಬಂದೆ ಬಂದೆ'. ಮದುವೆಯ ಈ ಧ್ವನಿಯನ್ನು ಅವಳು ಒಮ್ಮೆ ತೆರೆದಿದ್ದಳು. ಅವನು ಗಂಟಲು ಸರಿಮಾಡಿಕೊಂಡಷ್ಟು ಕೇಳಿ ಮುಚ್ಚಿದ್ದಳು.

ಭಾವ ಎದ್ದು ಕಂಪ್ಯೂಟರಿನ ಕೋಣೆಗೆ ಹೊರಟರು. "ಇನ್ನು ಫಾರ್ಮ್ಯಾಟ್ ಹಾಕಿಬಿಡ್ತೀನಿ."

"ಬೇಡಿ ಭಾವ."

"ಯಾಕಮ್ಮ? ಡಿಸ್ಕ್ ಆಯ್ತಲ್ಲ."

"ಆ ಎರಡನೇದ್ರಲ್ಲಿ ಅವರ ಮಾತಿದೆ."

"ಅವನ ಮಾತಾ?" ಭಾವ ನಕ್ಕರು. "ಅವನು ಕ್ಯಾಮೆರಾ ಹಿಂದೆ ಇದ್ದೋನು. ಮದುವೆ ವಿಡಿಯೊದಲ್ಲಿ ಅವನ ಗೊಣಗಾಟ ಯಾರಿಗಮ್ಮ ಬೇಕು?"

ಅತ್ತೆ ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಚಿತ್ರವನ್ನು ಮಾತ್ರ ನಿಲ್ಲಿಸಿದರು. "ಯಾರ ಮಾತು?"



"ಅದು ಕೆಟ್ಟಿದೆ ಕಣಮ್ಮಾ," ಎಂದರು ಭಾವ, ಈ ಸಲ ತಾಯಿಗೆ. "ಅದರಿಂದಾನೇ ಎರಡು ದಿನ ನನ್ನ ಜೀವ ತಿಂದಿದ್ದು. ನಾನೇ ಪರೀಕ್ಷೆ ಮಾಡಿದೀನಿ."

"ಎಷ್ಟು ಹೊತ್ತು ಕೇಳಿದ್ರಿ?" ಎಂದಳು ಅವಳು.

"ಕೇಳೋದೇನು, ಶುರುನಲ್ಲೇ ಗೊತ್ತಾಗಲ್ವ!"

ಗಂಟಲು ಸರಿಮಾಡಿಕೊಂಡದ್ದನ್ನು ಇವರು ಗೊರಗೊರ ಎಂದುಕೊಂಡಿದ್ದರು. ಅವಳು ಒಳಗೆ ಹೋಗಿ ಗಂಡನ ಕುರ್ಚಿಯಲ್ಲಿ ಕೂತಳು. ಅವನು ಹೋದ ಮೇಲೆ ಅದರಲ್ಲಿ ಅವಳು ಕೂತಿದ್ದು ಅದೇ ಮೊದಲು. ಭಾವ ಹಿಂದೆ ಬಂದು ನಿಂತು, "ಏನೇನೋ ಒತ್ತಬೇಡಮ್ಮ," ಎಂದರು. ಅದೇ ಕೆಲಸವನ್ನು ಎರಡು ದಿನ ಮಾಡಿದವರ ಬಾಯಿಂದ ಬಂದದ್ದರಿಂದ ಅದನ್ನು ಅನುಭವದ ಮಾತೆಂದೇ ಒಪ್ಪಬೇಕು.

ಅವಳು ಮೊದಲು ಹುಡುಕಿದ್ದು ತಂತ್ರಾಂಶ ತನ್ನ ಅರ್ಧಂಬರ್ಧ ಕೆಲಸವನ್ನು ಎಲ್ಲಿ ಸುರಿಯುತ್ತಿತ್ತು ಎಂದು. ಮೇಜಿನ ಮೇಲೆ ಭಾವನ ಹಳೆಯ ಹಾರ್ಡ್ ಡಿಸ್ಕ್, ಬಾಲದಂಥ ವೈರಿನೊಡನೆ, ಮಿಣುಕುತ್ತಿತ್ತು. ಅದರೊಳಗೆ ಸೋತ ಪ್ರಯತ್ನಗಳೆಲ್ಲ ಸಾಲಾಗಿ ಬಿದ್ದಿದ್ದವು. ನಡುವೆ ಭಾವ ಪರೀಕ್ಷೆಗೆಂದು ಇನ್ನೂ ದೊಡ್ಡದಾದ ಬೇರೆಯೇ ಒಂದು ವಿಡಿಯೊ ಹಾಕಿ ನೋಡಿದ್ದರು. ಅದು ಅರ್ಧದಲ್ಲೇ ನಿಂತಿತ್ತು. ನಿಂತ ಜಾಗ ಬೇರೆ, ಆದರೆ ಕಡತದ ಗಾತ್ರ ಒಂದೇ. ಎಲ್ಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಾಲ್ಕು ಜಿಬಿ.

ಕಾಲೇಜಿನ ಪ್ರಯೋಗಾಲಯದಲ್ಲಿ ಅವಳು ಪಾಠ ಹೇಳುವ ಹುಡುಗರು ಯಾವ ದ್ರಾವಣ ಸುರಿದರೂ ಒಂದೇ ಮಟ್ಟದಲ್ಲಿ ಚೆಲ್ಲಿದರೆ ಅವಳು ದ್ರಾವಣವನ್ನು ಬೈಯುತ್ತಿರಲಿಲ್ಲ, ಪಾತ್ರೆಯನ್ನು ಎತ್ತಿ ನೋಡುತ್ತಿದ್ದಳು. ಇಲ್ಲಿಯೂ ಪಾತ್ರೆಯದೇ ತಪ್ಪು. ಆ ಹಾರ್ಡ್ ಡಿಸ್ಕಿನ ಹಳೆಯ ಕಟ್ಟಳೆ ಹಾಗಿತ್ತು: ಒಂದು ಕಡತ ನಾಲ್ಕು ಜಿಬಿ ಮೀರಿದರೆ ಒಳಗೆ ಬಿಡುವುದಿಲ್ಲ. ಮದುವೆಯ ಡಿಸ್ಕಿಗೆಂದು ಸಿದ್ಧವಾಗುವ ಕಡತದ ಗಾತ್ರ ಅದಕ್ಕಿಂತ ತುಸು ಹೆಚ್ಚು. ಎರಡನೆಯ ಧ್ವನಿಯನ್ನು ಕಿತ್ತೆಸೆದಾಗ ಭಾರ ಇಳಿದು ನುಸುಳಿಕೊಂಡಿತ್ತು, ಅಷ್ಟೆ. ಬಸ್ಸಿನಲ್ಲಿ ಜಾಗ ಸಾಲದೆಂದು ಒಬ್ಬನನ್ನು ಇಳಿಸಿ, ಅವನಿಗೆ ರೋಗವಿತ್ತು ಎಂದಂತಾಗಿತ್ತು.

"ನಿಮ್ಮ ಡಿಸ್ಕಿಗೆ ಯಾಕೆ ಹಾಕಿದ್ರಿ ಭಾವ?"

"ಸೇಫ್ಟಿಗೆ ಕಣಮ್ಮಾ."

ಅವಳು ಅದರ ವೈರು ಕಿತ್ತು ಅವರ ಕೈಗೆ ಕೊಟ್ಟಳು. ಕಡತ ಸುರಿಯುವ ಜಾಗವನ್ನು ಕಂಪ್ಯೂಟರಿನ ಒಳಕ್ಕೇ ಬದಲಿಸಿದಳು. ಎರಡನೆಯ ಧ್ವನಿಯ ಮುಂದಿನ ಚೌಕದಲ್ಲಿ ಟಿಕ್ ಹಾಕಿದಳು. ಹಸಿರು ಪಟ್ಟಿ ಹೊರಟಿತು. ಎಂದಿನ ಜಾಗಕ್ಕೆ ಬಂದಾಗ ಭಾವ, "ಈಗ ನೋಡು, ಈಗ ನಿಲ್ಲತ್ತೆ," ಎಂದು ಮುಂದೆ ಬಾಗಿದರು. ನಿಲ್ಲಲಿಲ್ಲ. ಅವರ ಮುಖದಲ್ಲಿ ಕಂಡದ್ದು ಸಂತೋಷವಂತೂ ಅಲ್ಲ.

ಹೊಸ ಡಿಸ್ಕನ್ನು ಅವಳೇ ಪ್ಲೇಯರಿಗೆ ಹಾಕಿದಳು. ಅತ್ತೆಯ ಹೆಬ್ಬೆರಳನ್ನು ಹಿಡಿದು ರಿಮೋಟಿನ ಮೂಲೆಯಲ್ಲಿದ್ದ, ಧ್ವನಿ ಬದಲಿಸುವ ಗುಂಡಿಯ ಮೇಲಿಟ್ಟಳು. "ಇದನ್ನ ಒತ್ತಿ ಅತ್ತೆ."

ಮದುವೆಯ ಗದ್ದಲ ಕತ್ತರಿಸಿದಂತೆ ನಿಂತಿತು. ಗಂಟಲು ಸರಿಮಾಡಿಕೊಂಡ ಸದ್ದು.

"ಹಲೋ, ಹಲೋ. ಆಯ್ತು, ಕೇಳ್ತಿದೆ. ಈ ಬಾಗಿಲಿಂದ ಶುರು ಮಾಡೋಣ. ಅಯ್ಯೋ, ಬಂತು ನೋಡಪ್ಪ ಸವಾರಿ. ನಮ್ಮ ಬೃಹಸ್ಪತಿ. ಬೆಳಕು ಹೇಗಿರಬೇಕು ಅಂತ ನನಗೇ ಹೇಳ್ಕೊಡೋಕೆ ಬರ್ತಿದಾರೆ. ಕಟ್. ಹೊಟ್ಟೆ ಸಮೇತ ಕಟ್."

ಪರದೆಯಲ್ಲಿ ಭಾವ ಕೈಯಾಡಿಸುತ್ತಾ ಕ್ಯಾಮೆರಾಗೆ ಪಾಠ ಹೇಳುತ್ತಿದ್ದರು. ಕೋಣೆಯಲ್ಲಿದ್ದ ಭಾವನ ಕಿವಿ ಕೆಂಪಾಯಿತು. "ಅಮ್ಮ, ಮೊದಲಿನ ಆಡಿಯೊಗೆ ಹಾಕು. ಇದೇನು ತಲೆಹರಟೆ!"

"ನೀನು ಬಾಯಿ ಮುಚ್ಕೋ," ಎಂದರು ಅತ್ತೆ. "ಅವನು ಮಾತಾಡ್ತಿದಾನೆ."

ಅವನು ಮಾತಾಡುತ್ತಲೇ ಇದ್ದ. ಬೀಗರನ್ನು ಬಿಡಲಿಲ್ಲ, ತಂಗಿಯ ಅಲಂಕಾರವನ್ನು ಬಿಡಲಿಲ್ಲ. "ಅಮ್ಮ, ಕ್ಯಾಮೆರಾ ನೋಡಬೇಡ ಅಂತ ಬೆಳಗಿಂದ ಬಡ್ಕೊಂಡೆ. ಅದನ್ನೇ ನೋಡ್ತಾಳೆ. ನೋಡು, ನೋಡು." ಪರದೆಯ ಅತ್ತೆ ನೇರ ಇತ್ತ ನೋಡುತ್ತಿದ್ದರು. ಇತ್ತಲಿನ ಅತ್ತೆಯೂ ಕಣ್ಣು ಮಿಟುಕಿಸಲಿಲ್ಲ.

ಭಾವ ಅವಳ ಪಕ್ಕಕ್ಕೆ ಸರಿದು ದನಿ ತಗ್ಗಿಸಿದರು. "ಬೀಗರಿಗೆ ಕೊಡೋ ಕಾಪಿಯಲ್ಲಿ ಇದೆಲ್ಲ ಇರಬಾರದಮ್ಮ. ತೆಗೆಯೋಕಾಗುತ್ತಾ?"

"ಟಿಕ್ ತೆಗೆದರೆ ಆಯ್ತು ಭಾವ. ನಿಮಗೇ ಗೊತ್ತಲ್ಲ."

"ಮತ್ತೆ ಕಂಪ್ಯೂಟರು..."

"ಕೊಡಲ್ಲ."

ಅವರು ಹಾರ್ಡ್ ಡಿಸ್ಕಿಗೆ ಅದರ ವೈರನ್ನು ಸುತ್ತತೊಡಗಿದರು. ಬಹಳ ಹೊತ್ತು ಸುತ್ತಿದರು.

ಟೀವಿಯಲ್ಲಿ ಕ್ಯಾಮೆರಾ ಗುಂಪನ್ನು ಬಿಟ್ಟು ಗೋಡೆಯ ಕಡೆ ತಿರುಗಿತು. ಅಲ್ಲಿ ಒಂಟಿ ಕುರ್ಚಿಯಲ್ಲಿ ಅವಳಿದ್ದಳು, ಯಾರೂ ಕರೆಯದ ಸಭೆಗೆ ಬಂದಂತೆ ಮುಖ ಗಂಟಿಕ್ಕಿಕೊಂಡು. ಇಷ್ಟು ಮುಂದಕ್ಕೆ ಅವಳು ಎಂದೂ ಕೇಳಿರಲಿಲ್ಲ.

"ಇವಳೊಬ್ಬಳು," ಎಂದ ಅವನು. "ಪರೀಕ್ಷೆ ಕಾವಲಿಗೆ ಕೂತಂಗೆ ಕೂತಿದಾಳೆ. ಮದುವೆ ಮನೆ ಕಣೇ, ಒಂಚೂರು ನಗು." ಕಾದ. ಅವಳು ನಗಲಿಲ್ಲ. "ಹೋಗ್ಲಿ. ಇಟ್ಕೊಳ್ಳೋಣ."

ಅತ್ತೆ ರಿಮೋಟನ್ನು ಅವಳ ಕಡೆ ಚಾಚಿದರು. ಅವಳು ಅದನ್ನು ಹಿಂದಕ್ಕೆ ಓಡಿಸಿ, ಅವನನ್ನು ಮತ್ತೊಮ್ಮೆ ಹೇಳಿಸಿದಳು.