ಕಂಬಳಿಯ ಮೇಲಿನ ಹತ್ತು ಅಂಕಿ

ಕುರಿ ಹಿಂದೆ ನಡೆಯುವ ನಮ್ಮ ಧನಗರರಲ್ಲಿ ತಾಯಿಕುರಿ ಒಂದು ದಾರಿ, ಮರಿ ಒಂದು ದಾರಿ. ಗಂಡಸರು ಮಂದೆಯನ್ನು ಗುಡ್ಡದ ಮೇಲೆ ಮೇಯಿಸುತ್ತ ಹೋಗುತ್ತಾರೆ. ಹೆಂಗಸರು ಪಾತ್ರೆ, ಕಂಬಳಿ, ಕೋಳಿ, ಎಳೆಯ ಮರಿ ಎಲ್ಲವನ್ನೂ ಕುದುರೆಗಳ ಮೇಲೆ ಹೇರಿಕೊಂಡು ರಸ್ತೆ ಹಿಡಿಯುತ್ತಾರೆ. ಸಂಜೆಗೆ, ಮೊದಲೇ ಮಾತಾಡಿಟ್ಟ ಹೊಲದಲ್ಲಿ ಎರಡೂ ಕೂಡಬೇಕು. ಕೂಡಿದರೆ ಮರಿಗೆ ಹಾಲು. ಕೂಡದಿದ್ದರೆ ಏನಾಗುತ್ತದೆ ಎಂಬುದನ್ನು ಬಾನಾಬಾಯಿ ಹೋದ ವರ್ಷ ಕಣ್ಣಾರೆ ಕಂಡಿದ್ದಳು. ಭೋರ್ ಪೇಟೆ ದಾಟಿದ ಮೇಲೆ ಒಂದು ದಿನ ದಾರಿ ತಪ್ಪಿ, ಮಂದೆ ಒಂದು ಕಡೆ, ಅವಳು ಒಂದು ಕಡೆ ಆಯಿತು. ಬೆಳಗಾಗುವಷ್ಟರಲ್ಲಿ ಹನ್ನೊಂದು ಮರಿ ಸೆಟೆದು ಬಿದ್ದಿದ್ದವು.

ಅದಕ್ಕೇ ಈ ಸಲ ದೀಪಾವಳಿ ಹೊತ್ತಿಗೆ ಗಂಡ ಧುಳಾಜಿ ಲೋಣಂದದ ಸಂತೆಯಿಂದ ಅವಳಿಗೊಂದು ಫೋನ್ ತಂದ. ಅವಳ ಜೀವಮಾನದ ಮೊದಲ ಫೋನ್. ಅಂಗೈಗಿಂತ ದೊಡ್ಡದು, ಮುಂದೆಲ್ಲ ಗಾಜು.

“ನಿಮ್ಮ ತಮ್ಮ ಬಿರೂನ ಹತ್ರ ಇರೂದು ಗುಂಡಿ ಒತ್ತೂ ಫೋನ್. ನನಗೂ ಅಂಥಾದ್ದೇ ಸಾಕಿತ್ತಲ್ರಿ,” ಎಂದಳು ಬಾನಾಬಾಯಿ.

“ಧುಳಾಜಿ ಹೇಣ್ತಿ ಡಬ್ಬಾ ಫೋನ್ ಹಿಡ್ಕೊಂಡು ಅಡ್ಡಾಡ್ತಾಳ ಅಂತ ಜನ ನಗಬೇಕೇನು? ಇದರಾಗ ಇಡೀ ಜಗತ್ತು ಕಾಣತೈತಿ ಅಂತ ಅಂಗಡಿಯಾಂವ ಹೇಳ್ಯಾನ.”

“ನನಗ ಜಗತ್ತು ತಗೊಂಡು ಏನ್ ಮಾಡೂದೈತಿ? ನೀವು ಎಲ್ಲಿದ್ದೀರಿ ಅಂತ ತಿಳದರ ಸಾಕು.”

ಧುಳಾಜಿ ಅದಕ್ಕೆ ಕಿವಿಗೊಡಲಿಲ್ಲ.

ಊರು ಬಿಟ್ಟು ಆರು ವಾರವಾಗಿತ್ತು. ಆ ದಿನ ಬಾನಾಬಾಯಿ ಮೂರು ಕುದುರೆ, ಮೂವತ್ತೇಳು ಮರಿ ಹೊಡೆದುಕೊಂಡು ಹೊಳೆದಂಡೆಯ ಹೊಲಕ್ಕೆ ಬಂದಾಗ ಹೊತ್ತು ಇಳಿಯುತ್ತಿತ್ತು. ಬಂದು ನೋಡಿದರೆ ಹೊಲದ ತುಂಬ ನೀರು.

ಹೊಲದ ಒಡೆಯ ಬದುವಿನ ಮೇಲೆ ನಿಂತು ಕೈ ಮುಗಿದ. “ಕಾಲುವೆ ನೀರು ಹೊತ್ತಾರೇನೇ ಬಂತು ತಂಗಿ. ಬಂದಾಗ ಬಿಟ್ಕೊಳ್ಳಲಿಲ್ಲಂದ್ರ ಮತ್ತ ಹದಿನೈದು ದಿನ ಸಿಗೂದಿಲ್ಲ. ಶಿರವಲಿಯೊಳಗ ನಮ್ಮ ಮಾವನ ಹೊಲ ಖಾಲಿ ಐತಿ. ರಾತ್ರಿ ಅಲ್ಲಿ ಕುರಿ ತರುಬ್ರಿ. ನಾ ಹೇಳಿ ಕಳಿಸೀನಿ.”

ಶಿರವಲಿ ಹತ್ತಿರದಲ್ಲೇ, ಗುಡ್ಡದ ಈ ಮಗ್ಗುಲಿನ ಏರಿನಲ್ಲಿತ್ತು. ಆದರೆ ಮಂದೆ ಗುಡ್ಡದ ಮೇಲಿತ್ತು. ಕಣಿವೆಬಾಯಿಯಲ್ಲಿ ಎಡಕ್ಕೆ ತಿರುಗಿದರೆ ಶಿರವಲಿ. ನೇರ ಇಳಿದರೆ ಹೊಳೆ. ಹೊಳೆದಂಡೆಯಲ್ಲಿ ಮಂದೆ ನಿಲ್ಲಲು ಬೇರೆ ಒಣ ನೆಲವಿಲ್ಲ. ಒಮ್ಮೆ ಹೊಳೆಗೆ ಇಳಿದರೆ ಸುಸ್ತಾದ ಕುರಿ ಮತ್ತೆ ಆ ಏರು ಹತ್ತುವುದಿಲ್ಲ. ಧುಳಾಜಿಯೂ ಬಿರುವೂ ಮೊದಲಿನ ಮಾತಿನಂತೆ ನೇರವೇ ಇಳಿಯುತ್ತಾರೆ. ಅವರಿಗೆ ಹೇಳುವವರು ಯಾರು?

ಬಾನಾಬಾಯಿ ಸೊಂಟದ ಚೀಲದಿಂದ ಫೋನ್ ತೆಗೆದಳು. ಒತ್ತಿದಳು. ಕಪ್ಪು. ಸೆರಗಿನಿಂದ ಒರೆಸಿ ಮತ್ತೆ ಒತ್ತಿದಳು. ಹಿಂದಿನ ರಾತ್ರಿ ಈಯುತ್ತಿದ್ದ ಕುರಿಗೆ ಅದೇ ಫೋನಿನ ಬೆಳಕು ಹಿಡಿದಿದ್ದಳು. ಚಾರ್ಜ್ ಮಾಡಿಸಿ ಮೂರು ದಿನವಾಗಿತ್ತು.

ಕುದುರೆಯ ಮೇಲಿನ ಜಾಳಿಗೆಯಲ್ಲಿದ್ದ ಮರಿಗಳು ಒದರತೊಡಗಿದವು. ಅವುಗಳಲ್ಲಿ ಐದಾರು ಹುಟ್ಟಿ ಎರಡೇ ದಿನವಾಗಿತ್ತು.

ಅವಳು ಕುದುರೆಗಳನ್ನು ಎಳೆದುಕೊಂಡು ಓಡಿದಳು. ಶಿರವಲಿಯ ಮೊದಲ ಮನೆಯ ಮುಂದೆ ಒಬ್ಬಾಕೆ ಮೇಕೆಯ ಬಾಯಿ ಬಿಡಿಸಿ ಔಷಧ ಕುಡಿಸುತ್ತಿದ್ದಳು. ಅವಳೇ ಕುಸುಮ್, ಆ ಊರಿನ ಪಶುಸಖಿ. ಕುರಿ ಮೇಕೆಗಳಿಗೆ ಲಸಿಕೆ, ಜಂತಿನ ಔಷಧ ಕೊಡುವುದನ್ನು ಕಲಿತು ಬಂದವಳು.

“ಅಕ್ಕಾ, ಇದಕ್ಕಷ್ಟು ಕರೆಂಟ್ ಹಚ್ಚು. ಮರಿ ಸಾಯ್ತಾವು!”

ಕುಸುಮ್ ಒಂದು ಮಾತೂ ಕೇಳದೆ ಒಳಗೆ ಹೋಗಿ ಫೋನಿಗೆ ವೈರು ಸಿಕ್ಕಿಸಿದಳು. ಅದು ಜೀವ ಹಿಡಿಯುವವರೆಗೂ ಬಾನಾಬಾಯಿ ಹೊಸ್ತಿಲಲ್ಲೇ ನಿಂತು ಕಾಯ್ದಳು. ಕಡೆಗೆ ಗಾಜು ಬೆಳಗಿತು. ಮರಿಗಳ ಜೊಲ್ಲು ಹತ್ತಿದ ಬೆರಳಿಗೆ ಆ ಗಾಜು ಜಪ್ಪಯ್ಯ ಅನ್ನಲಿಲ್ಲ. ಕುಸುಮಳೇ ಅವಳನ್ನು ಕೇಳಿಕೊಂಡು ಬಿರುವಿನ ಹೆಸರು ಹುಡುಕಿ ಒತ್ತಿದಳು. ಕರೆ ಹೋಗಲಿಲ್ಲ.

“ರೀಚಾರ್ಜ್ ಯಾವಾಗ ಮಾಡಿಸಿದ್ದಿ?”

“ಕೊಂಡಾಗ ಅಂಗಡಿಯಾಂವ ಹಾಕಿದ್ದ. ನಾವಾಗಿ ಯಾರಿಗೂ ಮಾಡೂದಿಲ್ಲ, ಬಿರೂನೇ ಮಾಡ್ತಾನ, ಬರೂ ಫೋನಿಗೆ ಯಾಕ ರೊಕ್ಕ ಅಂದ್ರು ನಮ್ಮವರು.”

“ಅಯ್ಯ ನನ ತಂಗಿ! ಇಪ್ಪತ್ತೆಂಟು ದಿನದ ಪ್ಲಾನ್ ಹಾಕಿರ್ತಾನ ಆ ಪುಣ್ಯಾತ್ಮ. ಅವಧಿ ಮುಗದ್ರ ಮೊದಲು ಹೋಗೂ ಫೋನ್ ಬಂದ್. ಆಮ್ಯಾಲ ಸ್ವಲ್ಪ ದಿನಕ್ಕ ಬರೂದೂ ಬಂದ್. ಇರಲಿ, ನನ್ನ ಫೋನಿಂದ ಮಾಡೂಣು. ನಂಬರ್ ಹೇಳು.”

“ನಂಬರ್ ಅದರಾಗೇ ಐತಿ.”

“ನಿನಗ ಬಾಯಾಗ ಬರೂದಿಲ್ಲ?”

ಬಾನಾಬಾಯಿ ಇಲ್ಲವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಕರೆಂಟ್ ಹೋಯಿತು. ಫೋನಿನಲ್ಲಿ ಉಳಿದಿದ್ದ ಚಾರ್ಜು ಎರಡೇ ಎರಡು ಪರ್ಸೆಂಟ್. ಕುಸುಮ್ ಕೈಗೆ ಸಿಕ್ಕ ಸೀಮೆಸುಣ್ಣದಿಂದ ಅದರಲ್ಲಿದ್ದ ನಂಬರನ್ನು ಗೋಡೆಯ ಮೇಲೆ ಬರೆಯತೊಡಗಿದಳು. ಏಳು, ಎಂಟು, ಒಂಬತ್ತು ಅಂಕಿ. ಹತ್ತನೆಯದನ್ನು ಬರೆದಳೋ ಇಲ್ಲವೋ, ಗಾಜು ಮತ್ತೆ ಕಪ್ಪಾಯಿತು.

ಕುಸುಮಳ ಫೋನು ಗುಂಡಿಯದು. ಅಂಚೆಲ್ಲ ಸವೆದು, ರಬ್ಬರ್ ಬ್ಯಾಂಡು ಬಿಗಿದುಕೊಂಡಿತ್ತು. ಮೊದಲ ಸಲ ರಿಂಗಾಗಿ ರಿಂಗಾಗಿ ನಿಂತುಹೋಯಿತು. ಎರಡನೇ ಸಲ ನಾಯಿ ಬೊಗಳುವ ಸದ್ದು, ಆಮೇಲೆ ಬಿರುವಿನ ದನಿ.

“ಯಾರ್ರೀ?”

“ಬಿರೂ, ನಾನು!”

“ವೈನೀ! ಎಲ್ಲಿ ಹಾಳಾಗಿ ಹೋಗಿದ್ರಿ? ಹತ್ತು ಸಲ ಮಾಡೀನಿ. ಈ ನಂಬರ್ ಚಾಲ್ತಿಯೊಳಗಿಲ್ಲ ಅಂತ ಒಬ್ಬಾಕಿ ಹೇಳ್ಕೋತನ ಕುಂತಾಳ!”

“ಬೈಯೂದು ಆಮ್ಯಾಲ ಬೈ. ಮಂದೆ ಎಲ್ಲೈತಿ?”

“ಕಣಿವೆಬಾಯಾಗ. ಮುಂದಿನ ಹೋತ ಹೊಳಿ ಕಡೆ ಇಳ್ಯಾಕ ಹತ್ತೇತಿ.”

“ತಿರುಗಿಸು! ಎಡಕ್ಕ ತಿರುಗಿಸು! ಶಿರವಲಿಗೆ ಬರ್ರಿ!”

ಆಚೆ ಕಡೆ ಸಿಳ್ಳೆ ಕೇಳಿತು. “ಅಣ್ಣಾ, ಹೋತ ಹಿಡೀ!” ಎಂಬ ಕೂಗು ಕೇಳಿತು. ಫೋನ್ ಕಟ್ಟಾಯಿತು.

ಹಿಡಿದರೋ ಬಿಟ್ಟರೋ ತಿಳಿಯದು. ಬಾನಾಬಾಯಿ ಖಾಲಿ ಹೊಲದಲ್ಲಿ ಬಲೆ ಕಟ್ಟಿ ಮರಿಗಳನ್ನು ಬಿಟ್ಟು ಗುಡ್ಡದ ಕಡೆ ನೋಡುತ್ತ ನಿಂತಳು. ಚಳಿ ಏರುತ್ತಿತ್ತು. ಒದರಿ ಒದರಿ ಮರಿಗಳ ದನಿ ಸಣ್ಣದಾಯಿತು. ಒದರುವ ಮರಿಗೆ ಅವಳು ಅಂಜಲಿಲ್ಲ. ಸುಮ್ಮನಾದ ಮರಿಗೆ ಅಂಜಿದಳು.

ಕತ್ತಲು ಕೂಡುವ ಹೊತ್ತಿಗೆ ಮೇಲಿನಿಂದ ಒಂದು ತಾಯಿಕುರಿ ಕೂಗಿತು. ಬಲೆಯೊಳಗಿಂದ ಒಂದು ಮರಿ ಓಗೊಟ್ಟಿತು. ಅಷ್ಟೇ ಸಾಕಾಯಿತು. ಇಳಿಜಾರಿನಿಂದ ಮಂದೆಯೆಲ್ಲ ಒಂದೇ ಸಮನೆ ಓಡಿಬಂತು.

ಮೂವತ್ತಾರು ಮರಿ ಹಾಲು ಕುಡಿದವು. ಒಂದು ಕುಡಿಯಲಿಲ್ಲ. ಬಾನಾಬಾಯಿ ಅದರ ಬಾಯಿ ಬಿಡಿಸಿ ಹಾಲು ಹಿಂಡಿದಳು. ಹಾಲು ಬಾಯಿಯ ಅಂಚಿನಿಂದ ಹೊರಗೆ ಇಳಿಯಿತು.

ಧುಳಾಜಿ ಆ ಮರಿಯನ್ನು ತೊಡೆಯ ಮೇಲೆ ಎತ್ತಿಕೊಂಡ. ಮರಿಗಳನ್ನು ನೋಡಲು ಹೊಲಕ್ಕೆ ಬಂದಿದ್ದ ಕುಸುಮ್ ಅವನಿಗೆ ಸಮಾಧಾನ ಹೇಳಲಿಲ್ಲ. ನೇರ ಕೇಳಿದಳು.

“ಈ ಸಿಮ್ ಎಲ್ಲಿ ತಗೊಂಡಿ ಭಾವಾ?”

“ಲೋಣಂದದಾಗ. ಅಲ್ಲಿ ಭಾರೀ ಸಿಗ್ನಲ್ ಐತಿ.”

“ಲೋಣಂದದ ಕಡೆ ವರ್ಷಕ್ಕ ಎಷ್ಟು ತಿಂಗಳ ಇರ್ತಿ?”

“ನಾಕು.”

“ಉಳದ ಎಂಟು ತಿಂಗಳ ಗುಡ್ಡದಾಗ ಇರಾಂವ, ಸಂತಿಯೊಳಗಿನ ಸಿಗ್ನಲ್ ನೋಡಿ ಸಿಮ್ ತಗೊಂಡಿ. ದಾರಿಯೊಳಗ ಯಾವ ಕಂಪನಿ ಸಿಗತೈತಿ ಅಂತ ಚಹಾದಂಗಡಿಯೊಳಗ ಕೇಳಿದ್ರ ಹೇಳ್ತಿದ್ರು. ದಿನಾ ಇಂಟರ್ನೆಟ್ ಕೊಡೂ ಪ್ಲಾನ್ ಹಾಕ್ಸಿದಿ. ಇಂಟರ್ನೆಟ್ ಕುರಿ ತಿಂತಾವೇನು?”

ಬಿರು ನಕ್ಕುಬಿಟ್ಟ. ಅಣ್ಣನ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಧುಳಾಜಿ ಮೆಲ್ಲಗೆ ಅಂದ, “ಹಂಗಂತ ಡಬ್ಬಾ ಫೋನ್...”

“ಈ ಡಬ್ಬಾನೇ ಭಾವಾ ನಿನ್ನ ಮಂದೆ ತಿರುಗಿಸಿದ್ದು!” ಕುಸುಮ್ ತನ್ನ ಫೋನನ್ನು ಅವನ ಮೂಗಿನ ಮುಂದೆ ಹಿಡಿದಳು. “ಒಮ್ಮೆ ಚಾರ್ಜ್ ಮಾಡಿದ್ರ ನಾಕೈದು ದಿನ ಬರತೈತಿ. ಒದ್ದಿ ಕೈಯಾಗೂ ಗುಂಡಿ ಒತ್ತಾಕ ಬರತೈತಿ. ಬ್ಯಾಟರಿ ಕೆಟ್ರ ಬಿಚ್ಚಿ ಬ್ಯಾರೆ ಹಾಕಬಹುದು, ಬಿದ್ರೂ ಒಡ್ಯೂದಿಲ್ಲ. ಬರೇ ಮಾತಾಡೂ ಪ್ಲಾನ್ ಇರ್ತಾವು. ಮೂರು ತಿಂಗಳದ್ದು ಕೇಳು, ವರ್ಷದ್ದು ಕೇಳು. ತಿಂಗಳಾ ತಿಂಗಳಾ ಅಂಗಡಿ ಹುಡುಕೂದು ತಪ್ಪತೈತಿ. ಮತ್ತ ಒಂದು ನೆಪ್ಪಿಡು, ಎಲ್ಲಾ ಸಿಮ್ ಎಲ್ಲಾ ಡಬ್ಬಾ ಫೋನಿನಾಗೂ ನಡ್ಯೂದಿಲ್ಲ. ಅಂಗಡ್ಯಾಗೇ ಹಾಕಿ, ಮಾತಾಡಿ ನೋಡೇ ರೊಕ್ಕ ಕೊಡು.”

ಧುಳಾಜಿ ಸತ್ತ ಮರಿಯನ್ನು ಕಂಬಳಿಯ ತುಂಡಿನಲ್ಲಿ ಸುತ್ತಿದ. ಸುತ್ತುತ್ತಲೇ ಹೆಂಡತಿಗೆ ಹೇಳಿದ, “ಬಾನಾ, ಮಹಾಡದ ಸಂತಿಗೆ ಈ ಸಲ ನೀನೂ ಬಾ. ನಿನ್ನ ಫೋನ್ ನೀನೇ ಆರಿಸು.”

ಅವಳು ಆರಿಸಿದ್ದು ದೊಡ್ಡ ಗುಂಡಿಯ, ಜೋರಾಗಿ ಕೂಗುವ ಕರಿ ಫೋನು. ಸಿಮ್ಮನ್ನು ತನ್ನ ಆಧಾರ್ ಕಾರ್ಡ್ ಕೊಟ್ಟು ತನ್ನ ಹೆಸರಿಗೇ ಮಾಡಿಸಿದಳು. ಅಂಗಡಿಯಲ್ಲಿ ನಿಂತೇ ಬಿರುವಿಗೆ ಮಾಡಿ, ಅವನಿಂದ ತಿರುಗಿ ಮಾಡಿಸಿಕೊಂಡು, ಎರಡೂ ಕಡೆ ಕೇಳಿಸಿದ ಮೇಲೆ ಹೊರಬಿದ್ದಳು. ಪ್ಲಾನ್ ಮುಗಿಯುವ ತಾರೀಖನ್ನು ಅಂಗಡಿಯವನ ಕೈಲಿ ಕಾಗದದ ಮೇಲೆ ಬರೆಸಿ ಫೋನಿನ ಬೆನ್ನಿಗೆ ಅಂಟಿಸಿದಳು. ಆಮೇಲೆ ಒಂದು ಮಧ್ಯಾಹ್ನ, ಕುದುರೆಗೆ ಹೊದಿಸುವ ಕಂಬಳಿಯ ಅಂಚಿಗೆ ಬಿಳಿ ಉಣ್ಣೆಯ ದಾರದಿಂದ ಬಿರುವಿನ ನಂಬರಿನ ಹತ್ತು ಅಂಕಿ ಹೊಲಿದಳು. ಕರೆಂಟ್ ಹೋದರೂ ಅದು ಹೋಗುವುದಿಲ್ಲ.

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ನಿಮ್ಮ ಮನೆಯಲ್ಲಿ ಕುರಿ ಇರಲಿಕ್ಕಿಲ್ಲ. ಗದ್ದೆಗೆ ಹೋದ ಗಂಡ ಇದ್ದಾನೆ, ದೂರ ಕೊಟ್ಟ ಮಗಳಿದ್ದಾಳೆ, ಆಸ್ಪತ್ರೆಗೆ ಹೋಗಬೇಕಾದ ಅತ್ತೆ ಇದ್ದಾಳೆ. ಮೊದಲ ಫೋನ್ ಕೊಳ್ಳುವಾಗ ಪಕ್ಕದ ಮನೆಯವರ ಕಣ್ಣಿಗೆ ಚೆಂದ ಕಾಣಲೆಂದು ಕೊಳ್ಳಬೇಡಿ. ನೀವು ದಿನವೂ ಎಲ್ಲಿ ಇರುತ್ತೀರೋ ಅಲ್ಲಿ ಸಿಗುವ ಸಿಮ್ ಕೇಳಿ. ನಿಮಗೆ ಬೇಕಾದದ್ದು ಬರೀ ಮಾತಾದರೆ ಬರೀ ಮಾತಿನ ಪ್ಲಾನೇ ಕೇಳಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ, ಮುಖ ಅವನದು, ದುಡ್ಡು ನಿಮ್ಮದು. ಅವಧಿ ಎಂದು ಮುಗಿಯುತ್ತದೆ ಎಂದು ಇವತ್ತೇ ಕೇಳಿ ಬರೆದಿಡಿ. ನಾಳೆ ಬೇಡ.

ಈಗ ಫೋನನ್ನು ಕೆಳಗಿಡಿ. ಕಷ್ಟಕ್ಕೆ ಓಡಿಬರುವ ಒಬ್ಬರ ನಂಬರನ್ನು ಬಾಯಿಪಾಠ ಹೇಳಿ ನೋಡೋಣ.

ಬರಲಿಲ್ಲವೇ? ಹಾಗಾದರೆ ಸೂಜಿ ದಾರ ತನ್ನಿ.