ಹೋಗುವವಳು ಬರುತ್ತಾಳೆ

ಮನೆಯಲ್ಲಿ ಅವಳು ಚಿನಕುರುಳಿ, ಶಾಲೆಯಲ್ಲಿ ಬಾಯಿಗೆ ಬೀಗ. ಈ ಪರನಾಡಿಗೆ ವಲಸೆ ಬಂದ ಕನ್ನಡದ ಮಕ್ಕಳು ಮನೆಮಾತು, ಶಾಲೆಮಾತು ಎರಡನ್ನೂ ಹೇಗೆ ನಿಭಾಯಿಸುತ್ತಾರೆ ಎಂಬುದು ನನ್ನ ಸಂಶೋಧನೆ. ಅದಕ್ಕೇ ಅವಳ ಟೀಚರ್ ನನ್ನನ್ನು ಕರೆಸಿದ್ದರು. ಬಂದು ವರ್ಷ ಕಳೆದರೂ ಹೋಗುವುದಕ್ಕೂ ಬರುವುದಕ್ಕೂ ವ್ಯತ್ಯಾಸ ತಿಳಿಯದು, ಈ ಸಲದ ಪರೀಕ್ಷೆಯಲ್ಲೂ ತಪ್ಪಿದರೆ ತಮ್ಮನ ತರಗತಿಗೆ ಇಳಿಸುತ್ತೇವೆ ಎಂದರು. ಪಕ್ಕದಲ್ಲೇ ಕೂತಿದ್ದ ಹುಡುಗಿಯ ಕಣ್ಣು ತುಂಬಿತು. ನನಗೆ ಮೈ ಉರಿಯಿತು. ಮಗುವಿನ ಎದುರಿಗೆ ಆಡುವ ಮಾತೇ ಅದು?

ಪರೀಕ್ಷೆಯ ಚಿತ್ರಗಳನ್ನು ನಾನೇ ತೋರಿಸಿದೆ. ಬಸ್ಸು ಹೋಗುತ್ತದೆ ಎಂದಳು, ಸರಿ. ಬೆಕ್ಕು ಹೋಗುತ್ತದೆ, ಅದೂ ಸರಿ. ಬಾಗಿಲಲ್ಲಿ ನಿಂತ ಅಜ್ಜಿಗೆ ಕೈಬೀಸಿ ಬೀದಿಗಿಳಿಯುವ ಹೆಂಗಸಿನ ಚಿತ್ರಕ್ಕೆ ಮಾತ್ರ ಶಾಲೆಯ ಭಾಷೆಯಲ್ಲಿ 'ಬರುತ್ತಾಳೆ' ಎಂದಳು. ನೋಡಿದಿರಾ ಎಂಬಂತೆ ಟೀಚರ್ ಹುಬ್ಬೇರಿಸಿದರು. ನನಗೋ ಕುತೂಹಲ ಕೆರಳಿತು. ದಾರಿ ಗೊತ್ತಿಲ್ಲದವರು ಎಲ್ಲೆಂದರಲ್ಲಿ ಎಡವುತ್ತಾರೆ, ಇವಳು ಒಂದೇ ಕಲ್ಲಿಗೆ ಎಡವುತ್ತಿದ್ದಾಳೆ. ಯಾವುದು ಆ ಕಲ್ಲು?

ಸಂಜೆ ಹುಡುಗಿಯ ಮನೆಗೆ ಹೋದೆ. ಎರಡು ಕೋಣೆ, ಕಿಟಕಿಯ ತುಂಬ ಒಣಗಲು ಹಾಕಿದ ಬಟ್ಟೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಹೊರಟಿದ್ದ ಅಮ್ಮ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ "ಬರ್ತೀನಿ ಕಣೇ" ಎಂದರು.

"ಅಮ್ಮ ಹೋಗ್ತಾಳೆ" ಎಂದ ತಮ್ಮ.

ಚಿನಕುರುಳಿ ಅವನ ತಲೆಗೊಂದು ಮೊಟಕಿದಳು. "ಹೋಗ್ತಾಳೆ ಅನ್ಬಾರ್ದು ಕಣೋ. ಬರ್ತಾಳೆ."

ನಾನೂ ಇದೇ ಮಾತಾಡಿ ಬೆಳೆದವಳು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು ನನ್ನ ಸಂಶೋಧನೆ.

ಮರುದಿನ ಟೀಚರ್‌ಗೆ ವಿವರಿಸಿದೆ. ಅವರಿಗೆ ಅರ್ಧ ನಂಬಿಕೆ, ಅರ್ಧ ಅನುಮಾನ. ಹಾಗಾದರೆ ಈ ಚಿತ್ರಕ್ಕೆ 'ಹೋಗುತ್ತಾಳೆ' ಎಂದು ಯಾವಾಗ ಹೇಳುತ್ತಾಳೆ, ಕೇಳಿ ಎಂದರು. ಕೇಳಿದೆ. ಹುಡುಗಿ ಚಿತ್ರವನ್ನು ಹತ್ತಿರಕ್ಕೆಳೆದುಕೊಂಡಳು.

"ಮನೇಲಿ ಕಾಯೋರು ಯಾರೂ ಇಲ್ದಿದ್ರೆ ಹೋಗ್ತಾಳೆ. ಇಲ್ಲಿ ಅಜ್ಜಿ ಇದ್ದಾರಲ್ಲ."

ನಾನು ಅನುವಾದಿಸಿದ್ದನ್ನು ಕೇಳಿ ಟೀಚರ್ ನೆನಪಿಸಿಕೊಂಡರು. ಅವಳು ದಿನಾ ಗಂಟೆ ಹೊಡೆದ ಮೇಲೆ ತಮಗೂ 'ಬರುತ್ತೇನೆ' ಎನ್ನುತ್ತಿದ್ದಳಂತೆ, ತಾವು ದಿನಾ ತಿದ್ದುತ್ತಿದ್ದರಂತೆ. ಕೆಂಪು ಶಾಯಿಯ ತಪ್ಪುಗುರುತನ್ನು ಹೊಡೆದುಹಾಕಿ, ಇವಳು ಎಲ್ಲಿಗೂ ಇಳಿಯುವುದು ಬೇಡ ಎಂದರು. ಆಮೇಲೆ, ನಿಮ್ಮಲ್ಲಿ 'ಬರುತ್ತೇನೆ' ಎಂದವರಿಗೆ ಏನೆಂದು ಉತ್ತರ ಕೊಡುತ್ತೀರಿ ಎಂದು ನನ್ನನ್ನು ಕೇಳಿದರು. ಹೇಳಿಕೊಟ್ಟೆ.

ಗಂಟೆ ಹೊಡೆಯಿತು. ಹುಡುಗಿ ಚೀಲ ಹೆಗಲಿಗೇರಿಸಿ ಬಾಗಿಲ ತನಕ ನಡೆದಳು. ತಿರುಗಿ, ಟೀಚರ್ ದಿನಾ ತಿದ್ದಿ ಕಲಿಸಿದ ಹಾಗೆಯೇ, ಶಾಲೆಯ ಭಾಷೆಯಲ್ಲಿ ಒಂದಕ್ಷರ ತಪ್ಪದಂತೆ ಹೇಳಿದಳು: 'ಹೋಗುತ್ತೇನೆ.'

ಟೀಚರ್ ಮುಖ ಸಣ್ಣದಾಯಿತು. ನಾಲಿಗೆ ಹೊರಳದಿದ್ದರೂ ನಾನು ಹೇಳಿಕೊಟ್ಟಂತೆ ಕನ್ನಡದಲ್ಲೇ ಅಂದರು, "ಬಾ."

ಕರೆದರೆಂದುಕೊಂಡು ಹುಡುಗಿ ವಾಪಸ್ಸು ಬಂದು ಅವರ ಮುಂದೆ ನಿಂತಳು.