ಎರಡನೆಯ ಸಾಲು

ವರ್ಕ್‌ಶಾಪಿನ ಗೇಟಿಗೆ ಬಲಕ್ಕೆ ತಿರುಗಿದ್ದೇ ತಡ, ಗಾಡಿಯೊಳಗೆ ಏನೋ ಧಡ್ ಎಂದಿತು. ಮರುಕ್ಷಣವೇ ಆ ಆನೆಗಾತ್ರದ ಗಾಡಿ ಉಸ್ಸೆಂದು ಉಸಿರು ಬಿಟ್ಟು, ನಾಲ್ಕೂ ಚಕ್ರಗಳ ಮೇಲೆ ಕುಸಿದು ಕುಳಿತುಬಿಟ್ಟಿತು. ಮುಂದಿನ ಫಲಕದ ಮೇಲೆ ಕೆಂಪು, ಹಳದಿ ದೀಪಗಳೆಲ್ಲ ಒಟ್ಟಿಗೇ ಹೊತ್ತಿಕೊಂಡವು. ಸ್ಟಿಯರಿಂಗ್ ಹಿಡಿದಿದ್ದ ದನದ ಡಾಕ್ಟರಮ್ಮ ಎರಡೂ ಕೈ ಮೇಲೆತ್ತಿದರು.

"ನೋಡಿದ್ರಲ್ಲ? ನಿಮ್ಮ ಕಣ್ಣೆದುರಿಗೇ ಆಯ್ತು. ಇನ್ನು ನಾನು ಸುಳ್ಳು ಹೇಳ್ತಿದೀನಿ ಅನ್ನೋ ಹಾಗಿಲ್ಲ."

"ಯಾರಂದ್ರು ಡಾಕ್ಟ್ರೇ ನೀವು ಸುಳ್ಳು ಹೇಳ್ತೀರಿ ಅಂತ?" ಎಂದಳು ಸೊಸೆ, ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ.

"ಮೂರು ವರ್ಕ್‌ಶಾಪಿನವರು! ಒಬ್ಬರು ಬ್ಯಾಟರಿ ಬದಲಾಯಿಸಿದ್ರು, ಇನ್ನೊಬ್ಬರು ಗಾಡೀನ ಎತ್ತಿ ಹಿಡಿಯೋ ಗಾಳಿಚೀಲದ ಪಂಪು ಬದಲಾಯಿಸಿದ್ರು. ಮೂರನೆಯವರು ಕಂಪ್ಯೂಟರ್ ಚುಚ್ಚಿ ನೋಡಿ, 'ಗಾಡಿ ಸರಿಯಾಗೇ ಇದೆ, ನೀವೇ ಸ್ವಲ್ಪ ರೆಸ್ಟ್ ತಗೊಳ್ಳಿ' ಅಂದ್ರು."

ಊರಿನವರಿಗೆಲ್ಲ ಅವಳು ಸೊಸೆಯೇ. ಹನ್ನೆರಡು ವರ್ಷಗಳಿಂದ ಆ ವರ್ಕ್‌ಶಾಪಿನಲ್ಲಿ ತಂತಿ ಹಿಡಿಯುತ್ತಿದ್ದರೂ 'ಮಾವನವರ ಸೊಸೆ' ಎಂದೇ ಕರೆದು ರೂಢಿಯಾಗಿತ್ತು. ಬಾಗಿಲ ಮೇಲಿನ ಬೋರ್ಡಿನಲ್ಲಿ ಇಂದಿಗೂ 'ಅಪ್ಪ-ಮಗ ಆಟೋ ಎಲೆಕ್ಟ್ರಿಕಲ್ಸ್' ಎಂದಿದೆ. ಮಗನಿರುವುದು ಆ ಬೋರ್ಡಿನಲ್ಲಿ ಮಾತ್ರ. ಅವನು ಸುಖವಾಗಿ ಬಸ್ಸು ಓಡಿಸಿಕೊಂಡಿದ್ದಾನೆ, ತಂತಿ ಕಂಡರೆ ಮಾರು ದೂರ. ಮದುವೆಯಾಗಿ ಬಂದ ಹೊಸದರಲ್ಲಿ ಊಟದ ಡಬ್ಬಿ ಕೊಡಲು ಬರುತ್ತಿದ್ದ ಹುಡುಗಿ, ಒಂದು ದಿನ "ಮಾವ, ಆ ನೀಲಿ ತಂತಿ ಅಲ್ಲಿಗೆ ಹೋಗಲ್ಲ ಅಲ್ವಾ?" ಎಂದು ಬಾಯಿ ಹಾಕಿದ್ದೇ ನೆಪವಾಗಿ ಇಲ್ಲೇ ಉಳಿದುಬಿಟ್ಟಳು.

ಮಾವ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಎರಡು ವರ್ಷಗಳಿಂದ ಅವರ ಕೈ ನಡುಗುತ್ತಿದೆ. ಬೆಸುಗೆಯ ಕಡ್ಡಿ ಹಿಡಿಯಲಾಗುವುದಿಲ್ಲ. ಬಾಯಿಗೆ ಮಾತ್ರ ಯಾವ ನಡುಕವೂ ಇಲ್ಲ.

"ಯಾವ ಕಟುಕ ಕೈ ಹಾಕಿದ್ನೋ ಇದಕ್ಕೆ! ಹದಿನೆಂಟು ವರ್ಷದ ಗಾಡಿ, ರಾಜಠೀವಿ ನೋಡು ಇನ್ನೂ. ಇಂಥದ್ದನ್ನ ಮುಟ್ಟೋಕೆ ಯೋಗ್ಯತೆ ಬೇಕು."

"ಇವತ್ತೇ ಕೊನೆ ದಿನ," ಎಂದರು ಡಾಕ್ಟರಮ್ಮ. "ಶೋರೂಮಿನವರು ಗಾಡಿ ಪೂರ್ತಿ ವೈರಿಂಗ್ ಬದಲಾಯಿಸಬೇಕು ಅಂತಾರೆ, ಅದು ನನ್ನ ಕೈಲಿ ಆಗೋ ಮಾತಲ್ಲ. ಗುಜರಿಯವನಿಗೆ ಹೇಳಿಬಿಟ್ಟಿದೀನಿ, ನಾಲ್ಕು ಗಂಟೆಗೆ ಲಾರಿ ತರ್ತಾನೆ. ಗುಡ್ಡದ ಮೇಲೆ ಹಸು ಕರು ಹಾಕಕ್ಕೆ ಒದ್ದಾಡ್ತಿರುತ್ತೆ, ಇದು ನಡುದಾರೀಲಿ ಕೂತ್ಕೊಳ್ಳುತ್ತೆ. ಇನ್ನು ನಂಬೋಕಾಗಲ್ಲ." ಹೇಳುವಾಗ ಅವರ ಕೈ ಗಾಡಿಯ ಬಾಗಿಲನ್ನು ದನದ ಬೆನ್ನು ಸವರುವಂತೆ ಸವರುತ್ತಿತ್ತು.

ಎಲ್ಲ ವರ್ಕ್‌ಶಾಪಿನವರೂ ಮೊದಲು ಗಾಡಿ ಖಾಲಿ ಮಾಡಿಸುತ್ತಾರೆಂದು ಅವರಿಗೆ ಪಾಠವಾಗಿತ್ತು. ಯಾರೂ ಕೇಳುವ ಮುಂಚೆಯೇ ಬೂಟು, ಹಗ್ಗ, ಹಳೇ ಕಂಬಳಿ, ಎಡಗಡೆ ಮುಂದಿನ ಸೀಟಿನ ಕಾಲ ಬಳಿ ಇಟ್ಟಿದ್ದ ಔಷಧಿಯ ಕಬ್ಬಿಣದ ಪೆಟ್ಟಿಗೆ ಎಲ್ಲವನ್ನೂ ಇಳಿಸಿ ಗೋಡೆಗೆ ಒರಗಿಸಿಟ್ಟರು.

ಆ ಗೋಡೆಯ ಮೇಲೇ ಮಾವನ ಹಲಗೆಯಿತ್ತು. ಅದನ್ನು ನೋಡಲೆಂದೇ ಜನ ಬರುತ್ತಿದ್ದರೆಂದರೆ ಉತ್ಪ್ರೇಕ್ಷೆಯಲ್ಲ. ಮೂವತ್ತನಾಲ್ಕು ವರ್ಷಗಳಿಂದ ಯಾವುದೇ ಗಾಡಿಯಲ್ಲಿ ಸಿಕ್ಕ ದೋಷದ ತುಂಡನ್ನು ಕತ್ತರಿಸಿ ತೆಗೆದು, ಆ ಹಲಗೆಯ ಮೊಳೆಗೆ ನೇತುಹಾಕುವುದು ಅಲ್ಲಿನ ಪದ್ಧತಿ. ಪ್ರತಿಯೊಂದಕ್ಕೂ ಒಂದು ರಟ್ಟಿನ ಚೀಟಿ. ಚೀಟಿಯಲ್ಲಿ ಒಂದೇ ಸಾಲು. 'ಮಾಡಿದ್ದು: ಇಲಿ.' 'ಮಾಡಿದ್ದು: ನೀರು.' 'ಮಾಡಿದ್ದು: ಹಾಡಿನ ಪೆಟ್ಟಿಗೆ ಕೂರಿಸಿದ ಮಹಾನುಭಾವ.' 'ಮಾಡಿದ್ದು: ಓನರಿನ ಭಾವಮೈದುನ.' ಇನ್ನೂರಕ್ಕೂ ಹೆಚ್ಚು ಅಪರಾಧಿಗಳು ಅಲ್ಲಿ ನೇತಾಡುತ್ತಿದ್ದರು. ಈ ವರ್ಕ್‌ಶಾಪಿನಲ್ಲಿ ಮಾಡಿದ ಕೆಲಸದ ಒಂದು ತುಂಡೂ ಆ ಹಲಗೆಗೆ ಏರಿರಲಿಲ್ಲ. ಮಾವ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ಕೈ ನಡುಗಲು ಶುರುವಾದ ಮೇಲಂತೂ ದಿನಕ್ಕೆ ಎರಡು ಸಲ ತೋರಿಸುತ್ತಿದ್ದರು.

ಸೊಸೆ ಕೆಲಸಕ್ಕಿಳಿದಳು. ಗಾಡಿ ಆಫ್ ಮಾಡಿ ಮತ್ತೆ ಆನ್ ಮಾಡಿದರೆ, ಏನೂ ಆಗೇ ಇಲ್ಲವೆನ್ನುವಂತೆ ಮೇಲೆದ್ದು ನಿಂತಿತು. ದೀಪಗಳೆಲ್ಲ ಆರಿದವು. ಬ್ಯಾಟರಿ ನೋಡಿದಳು, ಸರಿ. ಫ್ಯೂಸುಗಳು ಸರಿ. ಡಾಕ್ಟರಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೀದಿಯಲ್ಲಿ ನಾಲ್ಕು ಸುತ್ತು ಹೊಡೆದಳು. ಗುಂಡಿಗೆ ಇಳಿಸಿದಳು, ಬಲಕ್ಕೆ, ಎಡಕ್ಕೆ ತಿರುಗಿಸಿದಳು. ಗಾಡಿ ಹಡಗಿನಂತೆ ತೇಲಿತು.

"ಇದೇ ನೋಡಿ ಇದರ ಬುದ್ಧಿ," ಎಂದು ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ನಿಮ್ಮೆದುರಿಗೆ ಸಾಧು, ನನ್ನ ಜೊತೆ ರಾಕ್ಷಸ."

ಮಧ್ಯಾಹ್ನ ಎರಡಾಯಿತು. ಸೊಸೆ ಗಾಡಿಯ ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿಯುತ್ತ ಯೋಚಿಸಿದಳು. ಬೆಳಿಗ್ಗೆ ಕೆಟ್ಟಿದ್ದು ಈಗ ಸರಿಯಿದೆ. ಬೆಳಿಗ್ಗೆಗೂ ಈಗಕ್ಕೂ ಬದಲಾಗಿದ್ದೇನು? ಅವಳ ಕಣ್ಣು ಗೋಡೆಯ ಬುಡಕ್ಕೆ ಹೋಯಿತು. ಕೈಯಲ್ಲಿದ್ದ ಲೋಟ ಅರ್ಧಕ್ಕೇ ಕೆಳಗಿಳಿಯಿತು.

"ಡಾಕ್ಟ್ರೇ, ಆ ಔಷಧಿ ಪೆಟ್ಟಿಗೆ ಯಾವಾಗ್ಲೂ ಅಲ್ಲೇ ಇಡ್ತೀರಾ?"

"ಹ್ಞೂಂ, ಆರು ವರ್ಷದಿಂದ ಅಲ್ಲೇ. ಕೈಗೆ ಸಿಗುತ್ತೆ ಅಂತ."

"ಬಲಕ್ಕೆ ತಿರುಗಿದ್ರೆ ಅದು ಎಡಕ್ಕೆ ಜಾರಿ ಬಾಗಿಲ ಪಕ್ಕಕ್ಕೆ ಗುದ್ದುತ್ತೆ. ಬೆಳಿಗ್ಗೆ ಧಡ್ ಅಂತಲ್ಲ, ಅದು ಪೆಟ್ಟಿಗೆ. ವರ್ಕ್‌ಶಾಪಿನವರು ಗಾಡಿ ಖಾಲಿ ಮಾಡಿಸ್ತಾರೆ. ಪೆಟ್ಟಿಗೆ ಹೋಯ್ತು, ಕಾಯಿಲೇನೂ ಹೋಯ್ತು!"

ಕುರ್ಚಿಯಲ್ಲಿದ್ದ ಮಾವ ನೆಟ್ಟಗೆ ಕುಳಿತರು. "ಕರೆಂಟು ಹೋಗೋ ದಾರಿ ಎಲ್ಲರೂ ನೋಡಿರ್ತಾರೆ," ಎಂದರು. "ಬ್ಯಾಟರಿಗೆ ವಾಪಸ್ ಬರೋ ದಾರಿ ನೋಡಮ್ಮ."

"ಅಲ್ಲಿಗೇ ಹೊರಟಿದೀನಿ ಮಾವ."

ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಕರಿ ತುದಿಗೆ ಸಿಕ್ಕಿಸಿದಳು. ಇನ್ನೊಂದನ್ನು ಉದ್ದ ತಂತಿಯಲ್ಲಿ ಒಳಗೆ ಎಳೆದು, ಗಾಡಿಯನ್ನು ಏರಿಸಿ ಇಳಿಸುವ ಯಂತ್ರದಿಂದ ಕರೆಂಟು ಮರಳುವ ಅರ್ತಿಂಗ್ ತಂತಿಗೆ ಚುಚ್ಚಿದಳು. ದೀಪ, ಪಂಪು ಎಲ್ಲ ಆನ್. ಮೀಟರು ಸೊನ್ನೆಗಿಂತ ಕೂದಲೆಳೆಯಷ್ಟು ಮೇಲೆ ತೋರಿಸಿತು. ಅಂದರೆ ವಾಪಸ್ ದಾರಿ ಸುಗಮ. ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟು, ಮೊಣಕಾಲಿನಿಂದ ಜೋರಾಗಿ ಎಡಕ್ಕೆ ತಳ್ಳಿದಳು. ಧಡ್. ಮೀಟರು ನಾಲ್ಕು ವೋಲ್ಟಿಗೆ ನೆಗೆಯಿತು, ವಾಪಸ್ ದಾರಿ ಕಡಿದಿತ್ತು. ದೀಪಗಳೆಲ್ಲ ಹೊತ್ತಿಕೊಂಡು ಗಾಡಿ ಉಸ್ಸೆಂದು ಕುಸಿಯಿತು.

"ಸಿಕ್ಕಿತು!" ಎಂದು ಕಿರುಚಿದಳು. ಇಷ್ಟು ವರ್ಷವಾದರೂ ಆ ಕಿರುಚಾಟ ಅವಳಿಂದ ಹೋಗಿರಲಿಲ್ಲ.

ಕಾಲ ಬಳಿಯ ಪಕ್ಕದ ಹಲಗೆ ಬಿಚ್ಚಿ, ನೆಲದ ಹಾಸನ್ನು ಎಬ್ಬಿಸಿದಳು. ಒಳಗೆ ಹೊಸ ಬಣ್ಣ ಮುಟ್ಟದ ಮೂಲೆಯಲ್ಲಿ ತಗಡು ಬೆಳ್ಳಗಿತ್ತು. ಹೊರಗೆ ಕಡುಹಸಿರಾದ ಗಾಡಿ ಒಂದು ಕಾಲಕ್ಕೆ ಬಿಳಿ ಇತ್ತು ಅಂತಾಯಿತು. ಅಲ್ಲಿ ಐದು ಅರ್ತಿಂಗ್ ತಂತಿಗಳನ್ನು ಒಂದೇ ಗಂಟಿಗೆ ಸೇರಿಸಿ ಕರಿ ಟೇಪು ಸುತ್ತಿದ್ದರು. ಯಾರೋ ಹಿಂದೆ ಮಾಡಿದ ರಿಪೇರಿ. ಟೇಪಿನ ತುದಿಗೆ ಉಗುರು ಹಾಕಿದವಳು ಹಾಗೇ ನಿಂತಳು.

ಟೇಪಿನ ತುದಿ ಒಳಕ್ಕೆ ಮಡಿಸಿತ್ತು. ಗೋಧಿಕಾಳಿನಷ್ಟು ಉದ್ದದ ಒಂದು ಮಡಿಕೆ, ಅಂಟು ಅಂಟಿಗೇ ಕೂತು, ಹಿಡಿದೆಳೆಯಲು ಪುಟ್ಟ ಕಿವಿಯಂತೆ. ಈ ಕೆಲಸ ಕಲಿತ ಮೊದಲ ದಿನವೇ ಮಾವ ಅವಳಿಗೆ ಹೇಳಿಕೊಟ್ಟಿದ್ದು ಅದು. "ತುದಿ ಮಡಿಸಮ್ಮ. ಮುಂದೆ ಬಿಚ್ಚೋರ ಉಗುರಿಗೆ ಕಷ್ಟ ಆಗಬಾರದು." ಆ ಊರಿನಲ್ಲಿ ಹಾಗೆ ಮಡಿಸುತ್ತಿದ್ದವರು ಇಬ್ಬರೇ. ಈ ಗಂಟು ಅವಳದ್ದಲ್ಲ.

ಟೇಪು ಸಲೀಸಾಗಿ ಬಿಚ್ಚಿಕೊಂಡಿತು. ಒಳಗೆ ಬೆಸುಗೆಯ ಸುಳಿವೇ ಇರಲಿಲ್ಲ. ತಂತಿಗಳನ್ನು ಬರೀ ಹುರಿಹೊಸೆದು ಬಿಟ್ಟಿದ್ದರು. ಎಳೆಗಳೆಲ್ಲ ಹಸಿರು ಪುಡಿಯಾಗಿ ಉದುರುತ್ತಿದ್ದವು. ಗಂಟನ್ನು ಕತ್ತರಿಸಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡಳು. ಹೊಸ ತಂತಿ ಸೇರಿಸಿ, ಬೆಸುಗೆ ಹಾಕಿ, ಸುತ್ತಿ, ತುದಿ ಮಡಿಸುವಷ್ಟರಲ್ಲಿ ಮೂರೂವರೆಯಾಗಿತ್ತು. ಕೈ ತನ್ನ ಕೆಲಸ ಮಾಡುತ್ತಿತ್ತು, ತಲೆಯೊಳಗೆ ಮಾತ್ರ ಒಂದೇ ಮಾತು: ಹೇಳುವುದು ಹೇಗೆ? ಕೈ ಹೋಯಿತು, ಕೆಲಸ ಹೋಯಿತು. ಆ ಮುದುಕರಿಗೆ ಉಳಿದಿರುವುದು ಆ ಹಲಗೆಯೊಂದೇ.

ಅವಳು ಹೊರಗೆ ಬರುವಾಗ ಮಾವ ಚೀಟಿ, ಪೆನ್ನು ಹಿಡಿದುಕೊಂಡು ತಯಾರಾಗಿದ್ದರು.

"ಏನಿತ್ತು?"

"ಹಳೇ ಜಾಯಿಂಟು ಮಾವ. ತುಕ್ಕು ಹಿಡಿದಿತ್ತು."

"ಯಾರು ಮಾಡಿದ್ದು?"

"ಯಾರೋ. ಗೊತ್ತಾಗಲ್ಲ."

ಮಾವ ಡಾಕ್ಟರಮ್ಮನ ಕಡೆ ತಿರುಗಿದರು. "ಡಾಕ್ಟ್ರೇ, ನೀವು ತಗೊಳ್ಳೋ ಮೊದಲು ಇದಕ್ಕೆ ರಿಪೇರಿ ಎಲ್ಲಾಗ್ತಿತ್ತು?"

"ಶೋರೂಮಲ್ಲೇ ಅಂತ ಮಾರಿದವರು ಹೇಳಿದ್ರಪ್ಪ."

"ಹಂಗೆ ಬನ್ನಿ ದಾರಿಗೆ!" ಮಾವನ ಮುಖ ಅರಳಿತು. "ಕೋಟು ಹಾಕ್ಕೊಂಡು ಓಡಾಡೋರ ಹಣೆಬರಹ ಇಷ್ಟೇ." ಬಲಗೈ ನಡುಗದಂತೆ ಎಡಗೈಯಲ್ಲಿ ಹಿಡಿದುಕೊಂಡು ಬರೆಯತೊಡಗಿದರು. 'ಮಾಡಿದ್ದು: ಶೋ...'

ತಪ್ಪನ್ನು ಇಲಿಯ ಮೇಲೆ ಹಾಕಿದ್ದರೆ ಸೊಸೆ ಸುಮ್ಮನಿರುತ್ತಿದ್ದಳೇನೋ, ಇಲಿಗೆ ಮಾನ ಹೋಗುವುದಿಲ್ಲ. ಆದರೆ ಮಾಡದ ತಪ್ಪಿಗೆ ಯಾರದೋ ಹೆಸರು ಆ ಹಲಗೆಗೆ ಏರುವುದನ್ನು ಅವಳಿಂದ ನೋಡಲಾಗಲಿಲ್ಲ. ಆ ಹಲಗೆಯಲ್ಲಿ ಇಂದಿನವರೆಗೆ ಒಂದೂ ಸುಳ್ಳಿರಲಿಲ್ಲ.

"ಬರೀಬೇಡಿ ಮಾವ. ಅವರಲ್ಲ."

ಜೇಬಿನಿಂದ ಗಂಟು, ಟೇಪು ಎರಡನ್ನೂ ತೆಗೆದು ಅವರ ಅಂಗೈಯಲ್ಲಿಟ್ಟಳು. ಅವರು ಕಣ್ಣ ಹತ್ತಿರ ಹಿಡಿದು ನೋಡಿದರು. ಹೆಬ್ಬೆರಳು ಟೇಪಿನ ಉದ್ದಕ್ಕೂ ಹೋಗಿ ತುದಿಯ ಮಡಿಕೆಯ ಮೇಲೆ ನಿಂತಿತು.

"ಗಾಡಿ ಮೊದಲು ಬಿಳಿ ಇತ್ತಾ?"

"ಹ್ಞೂಂ."

"ಕಲ್ಲುಗಣಿ ಸಾಹುಕಾರನ ಗಾಡಿ. ನೀನು ಈ ಮನೆಗೆ ಬರೋ ಮುಂಚಿನ ಮಾತು. ಒಳಗೆ ನೀರು ನುಗ್ಗಿತ್ತು."

"ಅವತ್ತು ಕರೆಂಟ್ ಇರ್ಲಿಲ್ಲವೇನೋ ಮಾವ," ಎಂದಳು ಅವಳು ಮೆಲ್ಲಗೆ.

"ಇತ್ತು."

"ಬೆಸುಗೆ ಸೀಸ ಖಾಲಿಯಾಗಿತ್ತೇನೋ."

"ಅದೂ ಇತ್ತು. ಹೊಟ್ಟೆ ಹಸಿದಿತ್ತು, ಊಟ ಮಾಡ್ಕೊಂಡು ಬಂದು ಹಾಕೋಣ ಅಂತ ಟೇಪು ಸುತ್ತಿಟ್ಟೆ. ಬಂದ ಮೇಲೆ ಮರೆತೆ." ಅವರು ಅವಳ ಮುಖ ನೋಡಿದರು. "ಇದನ್ನ ಮುಚ್ಚಿಡಬಹುದಿತ್ತು ನೀನು."

"ಮುಚ್ಚಿಟ್ಟಿದ್ದೆ. ನೀವು ಶೋರೂಮು ಅಂತ ಬರೆಯೋಕೆ ಹೋದ್ರಿ."

ಮಾವನ ಭುಜ ಕುಲುಕಾಡಿತು. ಅಳುತ್ತಿದ್ದಾರೆಂದುಕೊಂಡು ಅವಳು ಬಗ್ಗಿ ನೋಡಿದರೆ, ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಗು.

"ಡಾಕ್ಟ್ರೇ!" ಎಂದು ಕೂಗಿದರು. "ಬನ್ನಿ ಇಲ್ಲಿ. ನಿಮ್ಮ ಗಾಡಿ ಕೆಡಿಸಿದ್ದು ನಾನು. ಈ ನನ್ನ ಕೈ. ತಪ್ಪಾಯ್ತು. ಆದ್ರೆ ಒಂದು ಮಾತು ಕೇಳಿ. ಬರೀ ಹೊಸೆದ ತಂತಿ, ಬೆಸುಗೆ ಇಲ್ಲ, ಆದ್ರೂ ವರ್ಷಗಟ್ಟಲೆ ಹಿಡ್ಕೊಂಡಿತ್ತು! ಮೂರು ವರ್ಕ್‌ಶಾಪಿಗೆ, ಕಂಪ್ಯೂಟರಿಗೆ ಸಿಗಲಿಲ್ಲ. ನಾನು ಮಾಡಿದ ತಪ್ಪು ಕಂಡವರ ಕೈಗೆಲ್ಲ ಸಿಗೋ ಅಂಥದ್ದಲ್ಲ. ಇವಳಿಗೆ ಸಿಕ್ತು. ಇವಳು ಯಾರು ಗೊತ್ತಾ?"

"ನಿಮ್ಮ ಸೊಸೆ," ಎಂದರು ಡಾಕ್ಟರಮ್ಮ, ನಗಬೇಕೋ ಬೈಯಬೇಕೋ ತಿಳಿಯದೆ.

"ಅದು ಮನೇಲಿ. ಇಲ್ಲಿ ನನ್ನ ಗುರು. ನನ್ನನ್ನೇ ಹಿಡಿದಳಲ್ಲ!" ಎಂದು ಮಾವ ಎದೆ ತಟ್ಟಿಕೊಂಡರು. ತಪ್ಪು ಒಪ್ಪಿಕೊಂಡವರು ಅಷ್ಟು ಜಂಬದಿಂದ ಕುಳಿತಿದ್ದನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ. ಸೊಸೆಯ ಕಿವಿಯೆಲ್ಲ ಬಿಸಿಯಾಯಿತು. ಹನ್ನೆರಡು ವರ್ಷದಲ್ಲಿ ಅವರ ಬಾಯಿಂದ 'ಪರವಾಗಿಲ್ಲ' ಎಂಬುದಕ್ಕಿಂತ ದೊಡ್ಡ ಮಾತು ಅವಳು ಕೇಳಿರಲಿಲ್ಲ.

ನಾಲ್ಕಕ್ಕೆ ಗುಜರಿಯವನ ಲಾರಿ ಬಂತು. ಡಾಕ್ಟರಮ್ಮ ಅವನನ್ನು ಕಾಯಲು ಹೇಳಿ, ಔಷಧಿ ಪೆಟ್ಟಿಗೆಯನ್ನು ಹಳೇ ಜಾಗದಲ್ಲೇ ಇಟ್ಟು, ಸೊಸೆಯನ್ನು ಹಿಂದೆ ಕೂರಿಸಿಕೊಂಡು ಹೊರಟರು. ಬೇಕೆಂದೇ ಬಲಕ್ಕೆ ತಿರುಗಿದರು. ಪೆಟ್ಟಿಗೆ ಧಡ್ ಎಂದಿತು. ಇಬ್ಬರೂ ಉಸಿರು ಬಿಗಿಹಿಡಿದು ಫಲಕ ನೋಡಿದರು. ಒಂದು ದೀಪವೂ ಹೊತ್ತಲಿಲ್ಲ. ಡಾಕ್ಟರಮ್ಮ ಮತ್ತೆ ಬಲಕ್ಕೆ ತಿರುಗಿದರು, ಮತ್ತೆ, ಮತ್ತೆ. ಐದನೆಯ ಸಲ ಇಬ್ಬರೂ ಚಿಕ್ಕ ಮಕ್ಕಳ ಹಾಗೆ ನಗುತ್ತಿದ್ದರು. ಗುಜರಿಯವನು ಗೊಣಗುತ್ತ ಖಾಲಿ ಲಾರಿ ತಿರುಗಿಸಿಕೊಂಡು ಹೋದ.

ಡಾಕ್ಟರಮ್ಮನನ್ನು ಬೀಳ್ಕೊಟ್ಟು ಸೊಸೆ ಒಳಗೆ ಬಂದಳು. ಹಲಗೆಯ ನಟ್ಟನಡುವೆ ಹೊಸ ಮೊಳೆಗೆ ಹಸಿರುಗಟ್ಟಿದ ಗಂಟು ನೇತಾಡುತ್ತಿತ್ತು. ಚೀಟಿಯಲ್ಲಿ ಸೊಟ್ಟ ಅಕ್ಷರಗಳ ಎರಡು ಸಾಲು. 'ಮಾಡಿದ್ದು: ನಾನು. ಹಿಡಿದಿದ್ದು: ನನ್ನ ಸೊಸೆ.'

ಆದರೆ ಹಲಗೆಯ ಅರ್ಧ ಭಾಗ ಬೋಳಾಗಿತ್ತು. ಮಾವ ಹಳೆಯ ಚೀಟಿಗಳನ್ನು ತೆಗೆದು ತೊಡೆಯ ಮೇಲೆ ರಾಶಿ ಹಾಕಿಕೊಂಡು ಕುಳಿತಿದ್ದರು. ಪೆನ್ನು ಹಿಡಿದ ಬಲಗೈಯನ್ನು ಎಡಗೈ ಒತ್ತಿ ಹಿಡಿದಿತ್ತು.

"ಈ ಹಾರ್ನಿನ ತಂತಿ ಹಿಡಿದಿದ್ದು ಯಾರು, ನಾನಾ, ನೀನಾ?"

"ನಾನು ಮಾವ."

ಅವರು ನಿಧಾನವಾಗಿ 'ಮಾಡಿದ್ದು: ಇಲಿ' ಎಂಬುದರ ಕೆಳಗೆ ಎರಡನೆಯ ಸಾಲು ಬರೆದರು. ಮುಂದಿನ ಚೀಟಿ ಎತ್ತಿದರು.

"ಇದು?"

"ಅದು ನೀವು."

ಅದನ್ನು ಪಕ್ಕಕ್ಕಿಟ್ಟರು. "ಇದು?"

"ನಾನು." ಅವಳು ಎಣ್ಣೆಯ ಡಬ್ಬ ಎಳೆದುಕೊಂಡು ಅವರ ಪಕ್ಕದಲ್ಲಿ ಕುಳಿತಳು. ಬಾಗಿಲ ಬಿಸಿಲು ಇನ್ನೂ ಅವರ ಮಡಿಲ ತನಕ ಬರುತ್ತಿತ್ತು. ಮಾವ ಇನ್ನೊಂದು ಚೀಟಿಯನ್ನು ಬೆಳಕಿಗೆ ಹಿಡಿದರು.